ವಿಲ್ಲಾಖ್‌ನಲ್ಲಿ ಗಾಡಿ ಎರಡಾಗುತ್ತದೆ

ಲ್ಯೂಬ್ಲಿಯಾನಾ
ಗುರುವಾರ, ಜೂನ್ ೧೨

ಮುದ್ದಿನ ಸಿಲ್ಕೆಗೆ ಅಮ್ಮನ ಅಪ್ಪುಗೆ, ಎರಡು ಕೆನ್ನೆಗೂ ಮುತ್ತು.

ನಾನು ಕ್ಷೇಮ, ನನ್ನ ಮೊಣಕಾಲೂ ಕ್ಷೇಮ. ನೀನು ಕೊಟ್ಟು ಕಳಿಸಿದ ಮುಲಾಮಿನ ಮುಚ್ಚಳ ಇನ್ನೂ ತೆಗೆದಿಲ್ಲ. ಬೆಳಗಿನ ಒಂಬತ್ತು ಗಂಟೆ, ನದಿದಂಡೆಯ ಕಾಫಿ ಅಂಗಡಿಯಲ್ಲಿ ಕೂತಿದ್ದೇನೆ. ಎದುರಿನ ಸಂತೆಯಿಂದ ಅರ್ಧ ಕಿಲೋ ಚೆರ್ರಿ ತಂದು ತಿನ್ನುತ್ತ ಬರೆಯುತ್ತಿದ್ದೇನೆ. ಕಾಗದದ ಮೇಲೆ ಕೆಂಪು ಕಲೆ ಕಂಡರೆ ಗಾಬರಿಯಾಗಬೇಡ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀಯ. ಎರಡು ಸಲ ಹೇಳಲು ಹೋದೆ. ಆದರೆ ಈ ಸುದ್ದಿಯಲ್ಲಿ ಒಂದು ಹೆಸರು ಬರುತ್ತದೆ, ಆ ಹೆಸರು ಬಂದ ಕೂಡಲೇ ನಿನ್ನ ಒಲೆಯ ಮೇಲೆ ಏನಾದರೊಂದು ಉಕ್ಕಿಬಿಡುತ್ತದೆ. ಕಾಗದಕ್ಕೆ ಆ ಕಾಟವಿಲ್ಲ. ಹರಿದು ಹಾಕುವುದೇ ಆದರೂ ಮೊದಲು ಓದಿಯೇ ಹರಿಯುತ್ತೀಯ. ನನ್ನ ಮಗಳಲ್ಲವೇ ನೀನು.

ನನ್ನ ನಿವೃತ್ತಿಗೆ ನೀನು ಆ ರೈಲು ಪಾಸು ಕೊಟ್ಟಾಗ ನಿಜ ಹೇಳಬೇಕೆಂದರೆ ನನಗೆ ಅಳು ಬಂದಿತ್ತು, ಸಂತೋಷಕ್ಕಲ್ಲ. ಒಂದು ತಿಂಗಳೊಳಗೆ ಯಾವುದಾದರೂ ಏಳು ದಿನ, ಎಷ್ಟು ದೇಶಕ್ಕೆ ಬೇಕಾದರೂ ಹೋಗು ಅಂದರೆ ಎಲ್ಲಿಗೆ ಹೋಗಲಿ? ಮೂವತ್ತೆಂಟು ವರ್ಷ ನಿನ್ನಪ್ಪ ಗಾಡಿಗಳ ವೇಳೆ ಬರೆದಿಡುವ ನೋಟ್‌ಬುಕ್ ಹೇಳಿದ ಹಾಗೆ ಓಡಿದವಳು ನಾನು. ಅವನು ಗಾಡಿ ಹುಡುಕುತ್ತಿದ್ದ, ನಾನು ಬುತ್ತಿ ಕಟ್ಟುತ್ತಿದ್ದೆ. ರಜೆ ಅಂದರೆ ನನಗೆ ನೆನಪಿರುವುದು ನಿಲ್ದಾಣದ ಮೆಟ್ಟಿಲು ಹತ್ತಿ ಇಳಿದು ಏದುಸಿರು ಬಿಟ್ಟದ್ದೇ. ಅವನ ಲೆಕ್ಕದಲ್ಲಿ ಗಾಡಿ ಬದಲಿಸಲು ಐದು ನಿಮಿಷ ಸಾಕು, ಆರು ಅಂದರೆ ದುಂದು.

ಆದರೂ ಹಠ ಬಂತು. ಅಡುಗೆಮನೆಯ ಮೇಜಿನ ಮೇಲೆ ನಿನ್ನ ಶಾಲೆಯ ಹಳೇ ಭೂಪಟ ಹರಡಿಕೊಂಡು, ಬಣ್ಣದ ಪೆನ್ಸಿಲ್ ಹಿಡಿದು, ನವೆಂಬರಿನಿಂದ ಮಾರ್ಚಿನವರೆಗೆ ಕೂತೆ. ಅಳಿಸಿದೆ, ಬರೆದೆ, ಅಳಿಸಿದೆ. ಫುಲ್ಡಾದಿಂದ ಸಾಲ್ಜ್‌ಬರ್ಗ್, ಅಲ್ಲಿಂದ ಲ್ಯೂಬ್ಲಿಯಾನಾ, ಆಮೇಲೆ ಟ್ರಿಯೆಸ್ಟ್, ಮಿಲಾನ್, ಬೆಟ್ಟ ಹತ್ತಿ ಸ್ವಿಟ್ಜರ್‌ಲೆಂಡಿನ ಚೂರ್, ಬಾಸೆಲ್, ಕೊನೆಗೆ ನಿನ್ನ ಬ್ರೆಮೆನ್. ಐದು ದೇಶ, ನಡುನಡುವೆ ತಂಗಿದರೂ ಗಾಡಿ ಹತ್ತುವುದು ಸರಿಯಾಗಿ ಏಳು ದಿನ. ಎಲ್ಲಿಯೂ ಒಂದು ಗಂಟೆಗಿಂತ ಕಡಿಮೆ ಸಮಯದಲ್ಲಿ ಗಾಡಿ ಬದಲಿಸುವುದಿಲ್ಲ ಅನ್ನುವುದು ನನ್ನ ಕಾನೂನು. ಮುಗಿದ ದಿನ ಭೂಪಟ ನೋಡಿ ನಾನೇ ಬೆನ್ನು ತಟ್ಟಿಕೊಂಡೆ.

ಒಂದೇ ಒಂದು ಕಡೆ ಸಿಕ್ಕಿಬಿದ್ದಿದ್ದೆ. ಲ್ಯೂಬ್ಲಿಯಾನಾದಿಂದ ಟ್ರಿಯೆಸ್ಟಿಗೆ ಹೇಗೆ ಹೋಗುವುದು ಅಂತ ಕಂಪ್ಯೂಟರಿಗೆ ಕೇಳಿದರೆ ಒಮ್ಮೆ ರೈಲು ಅನ್ನುತ್ತದೆ, ಒಮ್ಮೆ ಬಸ್ಸು ಅನ್ನುತ್ತದೆ. ನಿಲ್ದಾಣದ ಕೌಂಟರಿನಲ್ಲಿ ಕೇಳಬಹುದಿತ್ತು. ಕೇಳಲೆಂದೇ ಹೊರಟೆ. ಆದರೆ ಹೋಗುವ ದಾರಿಯಲ್ಲಿ ಆ ಬೇಕರಿ ಇದೆ, ಬೇಕರಿಯ ಮಹಡಿಯ ಮೇಲೆ ಯಾರಿದ್ದಾರೆ ಅಂತ ನಿನಗೆ ಗೊತ್ತು.

ಸರಿ, ಹೇಳಿಬಿಡುತ್ತೇನೆ. ನಾನು ಒಬ್ಬಳೇ ಬಂದಿಲ್ಲ. ನಿನ್ನಪ್ಪ ಜೊತೆಗಿದ್ದಾನೆ. ಎರಡು ಕೋಣೆ. ಕಾಗದ ಕೆಳಗಿಡಬೇಡ.

ಅವತ್ತು, ಮೂರು ವರ್ಷದಲ್ಲಿ ಮೊದಲ ಸಲ, ಬೇಕರಿಯ ಮೇಲಿನ ಅವನ ಮನೆಯ ಮೆಟ್ಟಿಲು ಹತ್ತಿದೆ. ನೀನು ಸಿಟ್ಟಿನಲ್ಲಿ ಕಟ್ಟಿಕೊಟ್ಟ ಪೆಟ್ಟಿಗೆಗಳಲ್ಲಿ ಒಂದು ಇನ್ನೂ ಗೋಡೆಗೆ ಒರಗಿ ನಿಂತಿದೆ, ಮೇಲೆ ನಿನ್ನ ಅಕ್ಷರದಲ್ಲಿ 'ಅಪ್ಪ, ಪುಸ್ತಕ' ಅಂತ ಬರೆದ ಚೀಟಿ. ಯಾಕೆ ಬಿಚ್ಚಿಲ್ಲ ಅಂದೆ. "ಚೀಟಿ ಹರಿದುಹೋಗತ್ತೆ" ಅಂದ. ಆಮೇಲೆ ನನ್ನ ಯೋಜನೆ ನೋಡಿದ. ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದ. ನಾನು ಜಗಳಕ್ಕೆ ಸೊಂಟ ಕಟ್ಟಿ ನಿಂತಿದ್ದೆ.

"ಮಿಲಾನಿನಲ್ಲಿ ಒಂದೂಮುಕ್ಕಾಲು ಗಂಟೆ! ಅಷ್ಟು ಹೊತ್ತು ಏನ್ಮಾಡ್ತೀಯ?"

"ಕೂತ್ಕೋತೀನಿ."

"ಸುಮ್ನೆ?"

"ಸುಮ್ನೆ ಕೂತ್ಕೊಳ್ಳೋದು ನಿಂಗೆ ಗೊತ್ತಿಲ್ಲ ಎಗೊನ್, ಅದಕ್ಕೂ ಅಭ್ಯಾಸ ಬೇಕು."

ಅವನು ನಕ್ಕ. ಟ್ರಿಯೆಸ್ಟಿನ ಉತ್ತರ ಬರೆದುಕೊಟ್ಟ. ಬಾಗಿಲವರೆಗೆ ಬಂದು, ನನಗೂ ಕಲಿಸ್ತೀಯಾ ಅಂತ ಕೇಳಿದ. ಒಂದು ವಾರ ಯೋಚಿಸಿ ಶರತ್ತು ಹಾಕಿದೆ: ಯೋಜನೆ ನನ್ನದು, ನೋಟ್‌ಬುಕ್ ಮನೆಯಲ್ಲೇ ಇರಬೇಕು, ಬುತ್ತಿ ಕಟ್ಟುವುದು ಅವನು. ಒಪ್ಪಿದ. ಮೊಟ್ಟೆಯನ್ನು ಅದೆಷ್ಟು ಬೇಯಿಸುತ್ತಾನೋ, ಒಳಗೆಲ್ಲ ಹಸಿರು. ಆದರೂ ಯಾರೋ ಕಟ್ಟಿದ ಬುತ್ತಿ ತಿನ್ನುವ ಸುಖವೇ ಬೇರೆ ಕಣೇ.

ಈಗ ವೆರೋನಾ. ಆ ಕಥೆ ನಿನಗೆ ಗೊತ್ತು. ಗಾಡಿ ಬದಲಿಸಲು ನಾಲ್ಕು ನಿಮಿಷ, ಮೆಟ್ಟಿಲ ಮೇಲೆ ನನ್ನ ಚಪ್ಪಲಿಯ ಪಟ್ಟಿ ಕಿತ್ತುಹೋಯಿತು, ನಿನ್ನಪ್ಪ ಮುಂದೆ ಓಡಿ ಗಾಡಿ ಹತ್ತಿದ. ಕಿಟಕಿಯೊಳಗಿಂದ ಕೈಗಡಿಯಾರ ತೋರಿಸಿ ಮುಂದಿನ ಗಾಡಿಗೆ ಬಾ ಅಂತ ಸನ್ನೆ ಮಾಡಿದ, ಹೋದ. ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲು ಬರಿದು, ಎರಡು ಗಂಟೆ ತಡವಾಗಿ ನಾನು ಹೋಟೆಲು ಮುಟ್ಟಿದರೆ, ಒಂದು ಗಾಡಿ ಬಿಟ್ಟದ್ದು ಯಾಕೆ ಅಂತ ಕೇಳಿದ. ಬಾಗಿಲು ಮುಚ್ಚಿಹೋಗಿತ್ತು, ಇಳಿಯಲಾಗಲಿಲ್ಲ ಅಂತ ಅವತ್ತು ಹೇಳಿದ, ಆಮೇಲೂ ಅದನ್ನೇ ಹೇಳಿದ. ಬಾಗಿಲಿನ ಮಾತು ಬಿಡು, ಅವನ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಿರಲಿಲ್ಲ. ಅದಕ್ಕೇ ಮನೆಗೆ ಬಂದವಳು ಹೊರಗೆ ಹೋಗು ಅಂದೆ. ಇದನ್ನೆಲ್ಲ ಮತ್ತೆ ಯಾಕೆ ಬರೆಯುತ್ತಿದ್ದೇನೆಂದರೆ, ಈ ಕಥೆಯಲ್ಲಿ ನಿನ್ನೆ ಒಂದು ಸಾಲು ಬದಲಾಯಿತು.

ನಿನ್ನೆ ಸಾಲ್ಜ್‌ಬರ್ಗಿನಿಂದ ಹೊರಟೆವು. ಎಂಥ ದಾರಿ ಸಿಲ್ಕೆ! ಕಿಟಕಿಗೆ ಮೂಗು ಒತ್ತಿ ಕೂತಿದ್ದೆ. ಸುರಂಗ ದಾಟಿದರೆ ಬಿಸಿಲು, ಹುಲ್ಲು ಕೊಯ್ಯುವವರು, ಬೆಟ್ಟದಿಂದ ಬಿಳೀ ದಾರದಂತೆ ಇಳಿಯುವ ನೀರು. ಅರವತ್ತಾರರಲ್ಲಿ ಇಷ್ಟು ಸಂತೋಷಪಡುವುದು ಸರಿಯೋ ತಪ್ಪೋ ಅನ್ನಿಸಿತು. ನಿನ್ನಪ್ಪನಿಗೆ ಮಾತ್ರ ಕಿಟಕಿಗಿಂತ ಕಿವಿಯೇ ಹೆಚ್ಚು. ಮೂವತ್ತು ವರ್ಷ ಫುಲ್ಡಾ ನಿಲ್ದಾಣದಲ್ಲಿ ಘೋಷಣೆ ಮಾಡಿದವನಲ್ಲವೇ, ಹುಟ್ಟುಗುಣ ಸುಟ್ಟರೂ ಹೋಗದು. ಪ್ರತಿ ಊರು ಬಂದಾಗಲೂ, "ಕೇಳಿದ್ಯಾ? ಊರಿನ ಹೆಸರಿನ ಬಾಲ ನುಂಗಿಬಿಟ್ಟ" ಅಂತ ಗೊಣಗುತ್ತಿದ್ದ.

ಆ ಗಾಡಿ ವಿಲ್ಲಾಖ್‌ನಲ್ಲಿ ಎರಡಾಗುತ್ತದೆ. ಮುಂದಿನ ಬೋಗಿಗಳು ಕ್ಲಾಗೆನ್‌ಫುರ್ಟಿಗೆ, ನಮ್ಮ ಹಿಂದಿನ ಬೋಗಿಗಳು ಇಲ್ಲಿಗೆ. ಅದಕ್ಕೆ ಮುಂಚೆ ನಿನ್ನಪ್ಪ ಕಾಫಿ ತರುತ್ತೇನೆಂದು ಎದ್ದ. ತಿಂಡಿಯ ಬೋಗಿ ಇದ್ದದ್ದು ಮುಂದಿನ ಭಾಗದಲ್ಲಿ. ಕೋಟು, ಟೋಪಿ, ಫೋನು, ಪಾಸು ಎಲ್ಲ ನನ್ನ ಪಕ್ಕದ ಗೂಟದಲ್ಲೇ. ಅಷ್ಟರಲ್ಲಿ ಘೋಷಣೆ ಬಂತಂತೆ. ಬೋಗಿ ತುಂಬ ಶಾಲಾ ಮಕ್ಕಳ ಗಲಾಟೆ, ನಾನು ಮೊಟ್ಟೆಯ ಸಿಪ್ಪೆ ಸುಲಿಯುತ್ತಿದ್ದೆ, ನನಗೆ ಕೇಳಿಸಲಿಲ್ಲ. ನಿನ್ನಪ್ಪನಿಗೆ ಯಾಕೆ ಕೇಳಿಸಲಿಲ್ಲ ಗೊತ್ತೇ? ಅವನು ಕಾಫಿ ಕೊಡುವ ಹೆಂಗಸಿಗೆ, ಘೋಷಣೆ ಹೇಗೆ ಮಾಡಬೇಕು ಅಂತ ಪಾಠ ಹೇಳುತ್ತಿದ್ದ! "ಗಾಡಿ ಎರಡಾಗತ್ತೆ ಅಂತ ಹೇಳೋವಾಗ ಎರಡು ಸಲ ಹೇಳ್ಬೇಕಮ್ಮಾ, ಮಧ್ಯೆ ಉಸಿರು ತಗೋಬೇಕು" ಅಂತ. ಅವನ ತಲೆಯ ಮೇಲೆಯೇ ಆ ಘೋಷಣೆ ಹೋಗುತ್ತಿತ್ತು. ದೀಪದ ಕೆಳಗೆ ಕತ್ತಲು ಅಂದರೆ ಇದೇ.

ಬೇರ್ಪಟ್ಟು ಪಕ್ಕದ ಹಳಿಗೆ ಹೋದ ಬೋಗಿಗಳ ಮೇಲೆ ಕ್ಲಾಗೆನ್‌ಫುರ್ಟಿನ ಫಲಕ ಕಂಡು ನಾನು ಬಾಗಿಲಿಗೆ ಬಂದೆ. ಮುಂದಿನ ಅರ್ಧ ಹೊರಟಾಗಿತ್ತು. ತಿಂಡಿಯ ಬೋಗಿಯ ಕಿಟಕಿಯಲ್ಲಿ ನಿನ್ನಪ್ಪ, ಒಂದೊಂದು ಕೈಯಲ್ಲಿ ಒಂದೊಂದು ಕಾಗದದ ಲೋಟ, ಬಾಯಿ ತೆರೆದಿತ್ತು. ಗಡಿಯಾರ ತೋರಿಸಲು ಕೈ ಬಿಡುವಿರಲಿಲ್ಲ.

ನನ್ನ ಅರ್ಧ ಇನ್ನೂ ಹತ್ತು ನಿಮಿಷ ನಿಲ್ಲುವುದಿತ್ತು. ನನ್ನ ಸೀಟು ಇತ್ತು, ನನ್ನ ಯೋಜನೆ ಇತ್ತು, ಇಲ್ಲಿ ಕೋಣೆ ಕಾಯುತ್ತಿತ್ತು. ಮುಂದಿನ ಗಾಡಿಗೆ ಬರಲಿ, ಹೇಗಿರತ್ತೆ ಅಂತ ಗೊತ್ತಾಗಲಿ ಅಂತ ಒಂದು ಮನಸ್ಸು. ಒಂಬತ್ತು ನಿಮಿಷ ಆ ಮನಸ್ಸಿನ ಜೊತೆ ಕೂತಿದ್ದೆ. ಆಮೇಲೆ ಎರಡೂ ಚೀಲ, ಕೋಟು, ಟೋಪಿ, ಬುತ್ತಿ ಎಲ್ಲ ಎಳೆದುಕೊಂಡು ಇಳಿದುಬಿಟ್ಟೆ. ಗಾಡಿ ಹೋಯಿತು. ಗಾಡಿ ಹೋದರೆ ಇನ್ನೊಂದು ಬರುತ್ತದೆ, ಅದನ್ನು ಕಲಿಯಲು ನಮ್ಮ ಮನೆಯಲ್ಲಿ ಇಷ್ಟು ವರ್ಷ ಬೇಕಾಯಿತು.

ಬೆಂಚಿನ ಮೇಲೆ ಕೂತು ಹಸಿರು ಮೊಟ್ಟೆ ತಿಂದೆ. ಒಂದು ಗಂಟೆ ಹತ್ತು ನಿಮಿಷ. ಬರದೇ ಹೋದರೆ ಅನ್ನುವ ಭಯಕ್ಕೆ, ಬಂದ ಪ್ರತಿ ಗಾಡಿಗೂ ಎದ್ದು ನಿಂತೆ. ಆಮೇಲೆ ಒಂದು ಪುಟ್ಟ ಲೋಕಲ್ ಗಾಡಿ ಬಂತು. ನಿನ್ನಪ್ಪ ಇಳಿದ, ಅದೇ ಎರಡು ಲೋಟ ಹಿಡಿದುಕೊಂಡು. ಅವನ ಹಿಂದೆ ಟಿಕೆಟ್ ನೋಡುವ ಹುಡುಗಿ ತಲೆ ಹೊರಹಾಕಿ ನನ್ನನ್ನೇ ಹುಡುಕಿದಳು, ನೋಡಿ ನಕ್ಕಳು, ಬಾಗಿಲು ಹಾಕಿಕೊಂಡಳು.

"ಕಾಫಿ ತಣ್ಣಗಾಯ್ತು" ಅಂದ. ಮೊದಲ ನಿಲ್ದಾಣದಲ್ಲೇ ಇಳಿದು, ಟಿಕೆಟ್ಟಿಲ್ಲದೆ ವಾಪಸ್ ಹತ್ತಿದನಂತೆ. ಜೀವನದಲ್ಲೇ ಮೊದಲ ಸಲ! ಆ ಹುಡುಗಿ ಕೇಳಿದಾಗ ಇದ್ದದ್ದನ್ನು ಹೇಳಿದನಂತೆ. "ನಿಮ್ಮನೆಯವ್ರು ಇಳಿದು ಕಾಯ್ತಿರ್ತಾರಾ?" ಅಂದಳಂತೆ ಅವಳು. "ಗೊತ್ತಿಲ್ಲಮ್ಮ. ನಾನಾಗಿದ್ರೆ ಇಳೀತಿರ್ಲಿಲ್ಲ" ಅಂದನಂತೆ.

ಇಷ್ಟು ಹೇಳಿ ನನ್ನ ಪಕ್ಕ ಕೂತ. ಲೋಟಗಳನ್ನು ಬೆಂಚಿನ ಮೇಲಿಟ್ಟ. ಆಮೇಲೆ ಹೇಳಿದ:

"ವೆರೋನಾದಲ್ಲಿ ಬಾಗ್ಲು ಮುಚ್ಚಿರ್ಲಿಲ್ಲ, ಗೆರ್ಡಾ. ತೆಗೆದೇ ಇತ್ತು. ಇಳೀಬಹುದಿತ್ತು."

ಮೂರು ವರ್ಷದಿಂದ ನನಗೆ ಬೇಕಾಗಿದ್ದದ್ದು ಈ ಒಂದು ಮಾತು. ನಾನು ಅತ್ತೆ, ಅವನೂ ಅತ್ತ. ಆ ತಣ್ಣನೆ ಕಾಫಿ ಕುಡಿದೆವು, ಕಷಾಯದ ಹಾಗಿತ್ತು. ಇಲ್ಲಿಗೆ ಮುಂದಿನ ಗಾಡಿ ಬರಲು ಇನ್ನೂ ಎರಡು ಗಂಟೆ ಇತ್ತು. ಎಷ್ಟು ಗಂಟೆಗೆ ಅಂತ ಅವನು ಒಂದು ಸಲವೂ ಕೇಳಲಿಲ್ಲ. ಸುಮ್ಮನೆ ಕೂತಿದ್ದ. ಚೆನ್ನಾಗಿಯೇ ಕೂತಿದ್ದ.

ಮನೆಗೆ ವಾಪಸ್ ಬಾ ಅಂತ ನಾನು ಅವನಿಗೆ ಹೇಳಿಲ್ಲ. ಚೂರ್ ಮುಟ್ಟುವಷ್ಟರಲ್ಲಿ ಏನನ್ನಿಸುತ್ತದೋ ನೋಡೋಣ. ಜುಲೈ ಹನ್ನೆರಡರ ನಿನ್ನ ಮದುವೆಗೆ ಅವನನ್ನು ಕರೆ ಅಂತಲೂ ಹೇಳುವುದಿಲ್ಲ, ಅದು ನಿನಗೂ ಟಿಲ್‌ಗೂ ಬಿಟ್ಟದ್ದು. ಮೂರು ವರ್ಷ ನನ್ನ ಪರವಾಗಿ ನೀನು ಅವನ ಮೇಲೆ ಸಿಟ್ಟು ಹೊತ್ತಿದ್ದೀಯ. ನನ್ನ ಪಾಲಿನದ್ದನ್ನು ನಾನು ಇಳಿಸಿದೆ ಅಂತ ತಿಳಿಸಲು ಇದನ್ನು ಬರೆದೆ. ನಿನ್ನದನ್ನು ನೀನು ನೋಡಿಕೋ.

ಕೇಳುವುದು ಒಂದೇ. ಇಪ್ಪತ್ತೆರಡು, ಭಾನುವಾರ, ಸಂಜೆ ನಾಲ್ಕೂ ಹದಿನಾಲ್ಕಕ್ಕೆ ಬ್ರೆಮೆನ್‌ನಲ್ಲಿ ನನ್ನನ್ನು ಕರೆದೊಯ್ಯಲು ಬರುತ್ತೇನೆಂದಿದ್ದೆಯಲ್ಲ, ಬಾ. ಇಬ್ಬರು ಇಳಿಯುತ್ತೇವೆ. ನೀನು ಬೇಡವೆಂದು ತಲೆ ಅಲ್ಲಾಡಿಸಿದರೆ ಅವನು ಅದೇ ಪ್ಲಾಟ್‌ಫಾರ್ಮಿನಿಂದ ಫುಲ್ಡಾಕ್ಕೆ ಹೊರಡುತ್ತಾನೆ, ಒಂದು ಮಾತೂ ಆಡುವುದಿಲ್ಲ, ನನಗೆ ಮಾತು ಕೊಟ್ಟಿದ್ದಾನೆ. ಚಿಕ್ಕವಳಿದ್ದಾಗ ನೀನು ಬ್ರೆಟ್ಸೆಲ್ ಬ್ರೆಡ್ಡು ಮುರಿಯುವ ಮೊದಲು ಅವನ ಗಂಟಲಿನಲ್ಲೇ "ದಯವಿಟ್ಟು ಗಮನಿಸಿ, ಗಾಡಿ ಇಲ್ಲಿ ಎರಡಾಗುತ್ತದೆ" ಅಂತ ಕೂಗಿ ದೊಡ್ಡ ತುಂಡು ಅವನಿಗೇ ಕೊಡುತ್ತಿದ್ದೆ. ನೆನಪಿದೆಯೋ ಇಲ್ಲವೋ, ಅವನಿಗೆ ನೆನಪಿದೆ.

ಚೆರ್ರಿ ಮುಗಿಯಿತು. ನಿನ್ನಪ್ಪ ಸೇತುವೆಯ ಮೇಲೆ ನಿಂತು ಬಾತುಕೋಳಿಗಳಿಗೆ ಹಸಿರು ಮೊಟ್ಟೆ ಹಾಕುತ್ತಿದ್ದಾನೆ, ಅವೂ ಮುಟ್ಟುತ್ತಿಲ್ಲ.

ನಿನ್ನನ್ನು ಬಹಳ ಪ್ರೀತಿಸುವ, ಈಗ ಎಲ್ಲಿ ಬೇಕಾದರೂ ಹೋಗಬಲ್ಲ,
ನಿನ್ನ ಅಮ್ಮ
ಗೆರ್ಡಾ

ಮರೆತಿದ್ದೆ: ಇದೊಂದು ನಿನ್ನಲ್ಲೇ ಇರಲಿ, ಅಪ್ಪನಿಗೆ ಯಾವತ್ತೂ ಹೇಳಬೇಡ. ನಮ್ಮ ಬೋಗಿಯಲ್ಲಿ ಶಾಲಾ ಮಕ್ಕಳು ಇರಲಿಲ್ಲ. ನಿದ್ದೆ ಹೋಗಿದ್ದ ಒಬ್ಬ ಸನ್ಯಾಸಿನಿ ಬಿಟ್ಟರೆ ನಾನೊಬ್ಬಳೇ. ಘೋಷಣೆಯ ಒಂದೊಂದು ಪದವೂ ನನಗೆ ಕೇಳಿಸಿತು. ತಿಂಡಿಯ ಬೋಗಿಗೆ ಓಡಿಹೋಗಿ ಕರೆದು ತರಲು ಬೇಕಾದಷ್ಟು ಸಮಯವಿತ್ತು. ಮೊಟ್ಟೆ ಕೈಯಲ್ಲಿ ಹಿಡಿದುಕೊಂಡು ಕೂತೇ ಇದ್ದೆ. ಅವನು ವಾಪಸ್ ಬರುತ್ತಾನೋ ಇಲ್ಲವೋ, ನನಗೆ ಒಂದು ಸಲ ನೋಡಬೇಕಿತ್ತು.