ಗಿಟಾರಿನ ಕಹಳೆ

೩ ನವೆಂಬರ್ ೧೮೯೮, ಬಳ್ಳಾರಿ

ತಾರು ಆಫೀಸಿನಿಂದ ಬಂದವನೇ ಮತ್ತೆ ಕಾರ್ಬನ್ ಕಡ್ಡಿ ಉಜ್ಜಲು ಕೂತೆ. ಇದೂ ಮುರಿಯಿತು. ಥೂ.

ಕಂಟೋನ್ಮೆಂಟಿನ ಸಾರ್ಜೆಂಟ್ ವಿಲಾಯತಿಗೆ ಹೊರಟಾಗ ಕೊಟ್ಟು ಹೋದ ಗಿಟಾರು. ನೋಡಲು ಲಕ್ಷಣ, ದನಿ ಮಾತ್ರ ಪಡಸಾಲೆ ದಾಟದು. ಬೀದಿಗೆ ಕೇಳಿಸದಿದ್ದರೆ ನನ್ನ ಹೆಸರು ರಾಘಣ್ಣನಲ್ಲ.

ಪದ್ಮಾಳದು ಬೇರೆಯೇ ರಾಗ. "ಕುರುಗೋಡಿನಾಗ ಪ್ಲೇಗು ಬಂದದಂತ. ಸಿರಗುಪ್ಪಕ್ಕ ಹೋಗೋಣ್ರೀ, ಅಪ್ಪನ ಮನಿ ಅದ."

ಕುರುಗೋಡು ಎಲ್ಲಿ, ನಾವೆಲ್ಲಿ! ಹೆಂಗಸರಿಗೆ ಹಗ್ಗವೂ ಹಾವು.

೮ ನವೆಂಬರ್

ತಗಡಿನ ಕೆಲಸದ ರಾಜೇಸಾಬ ಕಹಳೆ ತಂದ. ಗೆಳೆಯನಿಗೆ ಅಂತ ಚೊಕ್ಕ ಬೆಸುಗೆ. ಗಿಟಾರಿನ ಹೊಟ್ಟೆಗೆ ದನಿ ಹಿಡಿಯುವ ಕಾರ್ಬನ್ ಕಡ್ಡಿ, ಜಾಡಿಗಳಲ್ಲಿ ನವಸಾಗರದ ನೀರು — ಅದೇ ಬ್ಯಾಟರಿ — ಕಹಳೆಯ ಬಾಯಿಗೆ ಹಳೇ ಟೆಲಿಫೋನಿನ ರಿಸೀವರ್.

ಒಂದೇ ತಂತಿ ಮೀಟಿದೆ. ಬೀದಿನಾಯಿ ಎದ್ದು ಬೊಗಳಿತು! ನಾನು ಕುಣಿಯುವುದೊಂದು ಬಾಕಿ.

ಆದರೆ ಮೀಟದಿದ್ದಾಗಲೂ ಕಹಳೆಯಲ್ಲಿ ಕರಕರ… ಕರಕರ…

"ಕಡ್ಡಿದಲ್ರೀ ತಪ್ಪು," ಅಂದ ರಾಜೇಸಾಬ. "ಗ್ವಾಡಿಯಾಗ ಇಲಿ ಅದಾವು."

ಒಪ್ಪಲಿಲ್ಲ. ಇನ್ನಷ್ಟು ಉಜ್ಜಬೇಕು.

೧೨ ನವೆಂಬರ್

ಕರಕರ ನಿಂತಿದೆ. ಪೂರ್ತಿ. ಉಜ್ಜಿದ್ದು ಸಾರ್ಥಕವಾಯಿತೆಂದು ಮೀಸೆ ತಿರುವಿದೆ… ಪದ್ಮಾ ಬಾಗಿಲಲ್ಲಿ ಬಂದು ನಿಂತಳು. ಮುಖ ಬಿಳುಪೇರಿತ್ತು. ಜೋಳದ ಗುಡಾಣದ ಹಿಂದೆ ಸತ್ತ ಇಲಿಗಳು.

ಯಾರೂ ನೋಡದಂತೆ ಹಿತ್ತಲ ಗೋಡೆಯಾಚೆ ಎಸೆದೆ. ಸರ್ಕಾರದವರಿಗೆ ಗೊತ್ತಾದರೆ ಮನೆಗೆ ಸುಣ್ಣ ಬಳಿದು, ನಮ್ಮನ್ನು ಊರಾಚೆಯ ಪ್ಲೇಗು ಶೆಡ್ಡಿಗೆ ಒಯ್ಯುತ್ತಾರೆ.

"ಇವತ್ತೇ ಹೋಗೋಣ್ರೀ. ನಿಮ್ಮ ಕಾಲಿಗೆ ಬೀಳ್ತೀನಿ."

ನಾಳೆ ಆಫೀಸಿನವರನ್ನೆಲ್ಲ ಗಿಟಾರು ಕೇಳಲು ಕರೆದಿದ್ದೇನೆ. ಭಾನುವಾರ ಕಳೆಯಲಿ ಅಂದೆ.

೧೫ ನವೆಂಬರ್, ಬೆಳಿಗ್ಗೆ

ಭಾನುವಾರ ಎಲ್ಲರೂ ಭೇಷ್ ಅಂದರು. ಇಂದು ಸಿರುಗುಪ್ಪಕ್ಕೆ ಹೊರಡುವುದಿತ್ತು. ಗಾಡಿ ಬಂದು ನಿಂತಿತ್ತು. ಪದ್ಮಾ ಏಳಲಿಲ್ಲ.

ಮೈ ಕೆಂಡ. ಕಂಕುಳಲ್ಲಿ ಗಡ್ಡೆ.

ಗಾಡಿ ವಾಪಸ್ ಕಳಿಸಿದೆ. ಭಾನುವಾರ ಯಾಕೆ ಬೇಕಿತ್ತು ನನಗೆ? ಯಾಕೆ?

೧೮ ನವೆಂಬರ್

ಡ್ಯೂಟಿಗೆ ಹೋಗಿಲ್ಲ. ಅವಳನ್ನು ಒಳಕೋಣೆಯಲ್ಲಿಟ್ಟು, ನಾನು ಪಡಸಾಲೆಯಲ್ಲಿ ಬೀದಿ ಕಾಯುತ್ತಿದ್ದೇನೆ. ಪ್ಲೇಗು ತಪಾಸಣೆಯವರು ಮನೆ ಮನೆ ನೋಡುತ್ತಿದ್ದಾರೆ.

ಅವಳಿಗೆ ದನಿಯೇ ಉಳಿದಿಲ್ಲ. ನೀರು ಕೇಳಿದರೂ ಇಲ್ಲಿಗೆ ಕೇಳಿಸದು. ಗಿಟಾರಿನಿಂದ ಕಾರ್ಬನ್ ಬಿಚ್ಚಿದೆ. ಹಲಗೆಗೆ ಕಟ್ಟಿ ಅವಳ ತಲೆದಿಂಬಿನ ಪಕ್ಕ ಇಟ್ಟೆ. ಬಾಗಿಲ ಕೆಳಗಿನಿಂದ ತಂತಿ ಎಳೆದೆ. ಕಹಳೆ ಇಲ್ಲಿ, ನನ್ನ ಮುಂದೆ. ಉಸಿರು ಕೂಡ ಕೇಳುತ್ತದೆ. ಅಷ್ಟೇ ಧೈರ್ಯ.

ರಾಜೇಸಾಬ ಹೊಸ್ತಿಲಾಚೆಯೇ ನಿಂತ. "ಡಾಕ್ಟರಿಗೆ ಹೇಳ್ರೀ ರಾಘಣ್ಣಾರ. ಮುಚ್ಚಿಟ್ರ ಕಡಿಮಿ ಆಗ್ತೈತೇನು?"

"ಶೆಡ್ಡಿಗೆ ಹೋದವರು ಯಾರಾದ್ರೂ ತಿರುಗಿ ಬಂದಾರೇನೋ?"

ತಲೆ ತಗ್ಗಿಸಿ ಹೋದ. ಕೊಡುವುದಿಲ್ಲ. ಅವಳನ್ನು ಯಾರಿಗೂ ಕೊಡುವುದಿಲ್ಲ.

೧೯ ನವೆಂಬರ್, ಮಧ್ಯಾಹ್ನ

ಬಂದರು. ಒಬ್ಬ ಇನ್‌ಸ್ಪೆಕ್ಟರ್, ಜೊತೆಗೆ ಪೇದೆಗಳು. ಒಳಕೋಣೆಗೆ ಬೀಗ ಹಾಕಿದ್ದೆ.

"ಮನ್ಯಾಗ ಯಾರ್ಯಾರು ಅದೀರಿ?"

"ನಾನೊಬ್ಬನೇ. ಹೆಂಡತಿ ಸಿರಗುಪ್ಪಕ್ಕ ಹೋಗ್ಯಾಳ. ಬೀಗದ ಕೈ ಆಕಿ ಹತ್ರನ ಅದ."

ನಾಲಿಗೆ ತೊದಲಲಿಲ್ಲ. ಇನ್‌ಸ್ಪೆಕ್ಟರ್ ತಲೆಯಾಡಿಸಿ ಹೊಸ್ತಿಲ ಕಡೆ ತಿರುಗಿದ. ಬ್ಯಾಟರಿ ಬಿಚ್ಚಿರಲಿಲ್ಲ. ಗಾಬರಿಯಲ್ಲಿ ಮರೆತೇ ಹೋಗಿತ್ತು.

"ರೀ… ನೀರು ಕೊಡ್ರೀ…"

ಕಹಳೆಯಿಂದ, ಪಡಸಾಲೆ ತುಂಬ ಅವಳ ದನಿ. ಪೇದೆಗಳೂ ಬೆಚ್ಚಿದರು. ಬೀಗ ಒಡೆದರು.

ಮಂಚದ ಸಮೇತ ಹೊತ್ತರು. ಹೊಸ್ತಿಲಲ್ಲಿ ನನ್ನ ಕೈ ಹಿಡಿದಳು. ಕಣ್ಣಲ್ಲಿ ನೀರು.

"ನಾ ಭಾಳ ಜೋರಾಗಿ ಕೂಗಿದ್ನೇನ್ರೀ?"

ಪೇದೆಗಳು ಅವಳ ಕೈ ಬಿಡಿಸಿ ಗಾಡಿಗೆ ಏರಿಸಿದರು. ನಾನು ಹೇಳುವಷ್ಟರಲ್ಲಿ ಗಾಡಿ ಹೋಯಿತು.

ನನ್ನನ್ನು ಬೇರೆ ಗಾಡಿಯಲ್ಲಿ ಒಯ್ಯುತ್ತಾರಂತೆ. ಬಾಗಿಲಲ್ಲಿ ಪೇದೆ ನಿಂತಿದ್ದಾನೆ. ಅಲ್ಲಿ ಅವಳ ಹತ್ತಿರ ಬಿಡುತ್ತಾರೋ ಇಲ್ಲವೋ. ಬಿಟ್ಟರೆ ಮೊದಲು ಹೇಳಬೇಕಾದ್ದು ಇಷ್ಟೇ — ಇಲ್ಲ ಪದ್ಮಾ, ನೀನು ಕೂಗಲೇ ಇಲ್ಲ, ಬರೀ ಪಿಸುಗುಟ್ಟಿದ್ದೆ, ಜೋರು ಮಾಡಿದ್ದು