ಅಮ್ಮನ ಹರಕೆ ಹುಡುಕುತ್ತಾ

ಅಮ್ಮಾ,

ಹರಕೆ ಹೊತ್ತವಳು ಯಾವ ಗುಡಿಯಲ್ಲಿ ಅಂತ ಹೇಳಿ ಸಾಯಬಾರದಿತ್ತೇ? "ದೇವರ ಮುಂದೆ ನಾಟ್ಯ ಮಾಡಿಸ್ತೀನಿ ಅಂತ ಹೊತ್ತಿದ್ಳು ಕಣೇ. ತೀರಿಸದಿದ್ರೆ ಅವಳಿಗೆ ನೆಮ್ಮದಿ ಇರಲ್ಲ" ಎಂದು ಬುಪ್ಪಾ ಚಿಕ್ಕಮ್ಮ ತಲೆ ತಿಂದಳು. ಯಾವ ಗುಡಿ ಎಂದರೆ, "ಹಳೇ ರಾಜಧಾನೀದು ಯಾವ್ದೋ" ಅಂತೆ!

ಮೊದಲು ಹಳೇ ರಾಜಧಾನಿ ಸುಖೋಥೈಗೆ ಹೋಗಿ ಕಂಡ ಕಂಡ ಬುದ್ಧನೆದುರು ಮಂಡಿಯೂರಿ ವಿಚಾರಿಸಿದೆ. ಅದರ ಕೋಟೆ ಊರು ಕಾಮ್‌ಫೇಂಗ್‌ಪೇಟ್‌ನಲ್ಲಿ ನಾಯಿಗಳು ಅಟ್ಟಿಸಿಕೊಂಡು ಬಂದವು. ಇವತ್ತು ಇನ್ನೊಂದು ಹಳೇ ರಾಜಧಾನಿ ಅಯುತ್ಥಯಾದ ಸುಡುಬಿಸಿಲಲ್ಲಿ, ಒಂದು ಗುಡಿಯ ಮುಂದೆ ತಾವರೆ ಮಾರುವ ಸಮ್ಲೀ ಅಜ್ಜಿ ಪಟ ನೋಡಿ ನಿನ್ನ ಗುರುತು ಹಿಡಿದಳು.

"ಓ, ಇವ್ರಾ! ಪ್ರತಿ ವರ್ಷ ಒಬ್ರೇ ಬರೋರು. ಹರಕೆ ಹೊತ್ತಿದ್ದು ಇಲ್ಲೇ."

"ಸದ್ಯ! ನಾಟ್ಯದವರನ್ನ ಕರೀರಿ ಅಜ್ಜಿ, ಈಗ್ಲೇ ತೀರಿಸಿಬಿಡ್ತೀನಿ."

"ಯಾಕಮ್ಮಾ? ಕೇಳಿದ್ದು ನಡೆದ್ರೆ ತಾನೇ ತೀರ್ಸೋದು? ಮಗಳು ಒಂದ್ಸಲ ನನ್ ಜೊತೆ ಇಲ್ಲಿಗೆ ಬರ್ಲಿ ಅಂತ ಕೇಳಿದ್ರು. ಬರ್ಲೇ ಇಲ್ವಲ್ಲ."

ಗುಡಿಯ ಮೆಟ್ಟಿಲ ಮೇಲೆ ಕೂತು ಇದನ್ನು ಗೀಚುತ್ತಿದ್ದೇನೆ. ನಿನ್ನ ಪಟ ಮಡಿಲಲ್ಲಿದೆ. ಹರಕೆಯವರಿಗಾಗಿ ಇಲ್ಲೇ ಕಾಯುವ ನಾಟ್ಯದ ಹುಡುಗಿಯರು ಕಿರೀಟ ತೊಟ್ಟು ನನ್ನ ಮುಖವನ್ನೇ ನೋಡುತ್ತಿದ್ದಾರೆ. ಕುಣಿಯಿರಿ ಅನ್ನಲೋ, ಬೇಡವೋ? ಈಗಲಾದರೂ ಬಾಯಿ ಬಿಡಮ್ಮ.