ರೆಕ್ಕೆಯೊಳಗೆ ಹಾಕಿದ ಕೈ

ಮಾರ್ಚ್ ೧೧, ಮಂಗಳವಾರ

ನನ್ನ ಎರಡು ಸೀಟಿನ ವಿಮಾನದ ಬಾಗಿಲ ಚಿಲಕಕ್ಕೆ ಮೆಕ್ಯಾನಿಕ್ ಹೇಳಿದ ಬೆಲೆ ಇನ್ನೂ ಗಂಟಲಿನಿಂದ ಕೆಳಗಿಳಿದಿಲ್ಲ. "ಅಂಗಡಿ ಚಿಲಕ ಹಾಕೋ ಹಾಗಿಲ್ಲ ಸಾರ್, ಸರ್ಟಿಫಿಕೇಟ್ ಇರೋದೇ ಆಗಬೇಕು" ಅಂದ. ವಿಮಾನ ನನ್ನದೇ. ಆದರೆ ಒಂದು ಸ್ಕ್ರೂ ಬಿಚ್ಚಿದರೂ ಅವನ ಸಹಿ ಬೇಕು.

ಸಂಜೆ ಅಕ್ಕನ ಮನೆಗೆ ಹೋದೆ. ಭಾವ ಗ್ಯಾರೇಜಿನಲ್ಲಿ ಸ್ವಂತ ವಿಮಾನ ಕಟ್ಟುತ್ತಿದ್ದಾರೆ. ಪಾಪ, ಕಾರು ಬೀದಿಗೆ ಬಿದ್ದಿದೆ. ತಾವೇ ಕಟ್ಟಿದ್ದಾದರೆ ರಿಪೇರಿಯೂ ತಾವೇ ಮಾಡಿಕೊಳ್ಳಬಹುದಂತೆ. ಅವರು ಹೊರಗಿನಿಂದ ತಗಡು ಜೋಡಿಸುವ ರಿವೆಟ್ ಮೊಳೆ ಹೊಡೆಯುವಾಗ ಅಕ್ಕ ರೆಕ್ಕೆಯೊಳಗೆ ಕೈ ತೂರಿಸಿ, ಒಳಗೆ ಬಂದ ಮೊಳೆಯ ತುದಿಗೆ ಉಕ್ಕಿನ ತುಂಡೊಂದನ್ನು ಒತ್ತಿ ಹಿಡಿಯುತ್ತಾಳೆ. ಇವತ್ತು ನಾನು ಹಿಡಿದೆ. ಒಂದು ರಿವೆಟ್ ಸೊಟ್ಟಗಾಯಿತು. ಒಳಗಿನದು ಯಾರಿಗೆ ಕಾಣುತ್ತದೆ ಎಂದು ಸುಮ್ಮನಿದ್ದೆ. ಅಕ್ಕ ಬಂದು ಒಳಗೆ ಬೆರಳಾಡಿಸಿ, "ರೀ, ಇದನ್ನ ತೆಗೀರಿ" ಅಂದಳು. ಭಾವ ಅದನ್ನು ಕೊರೆದು ತೆಗೆಯಲು ಡ್ರಿಲ್ ಎತ್ತಿಕೊಂಡರು.

ನನ್ನ ವಿಮಾನಕ್ಕೆ ಎಷ್ಟು ಕರೆದರೂ ಹತ್ತದವಳು ಇವಳು. "ಇದು ಹಾರೋವಾಗ ನೀನು ಕೂರ್ತೀಯಾ?" ಎಂದು ಕೇಳಿದೆ.

"ಕೂರದೆ ಏನೋ? ಇದರೊಳಗೆ ಏನೇನಿದೆ ಅಂತ ನನಗೆ ಗೊತ್ತು. ನಿನ್ನ ವಿಮಾನದ ರೆಕ್ಕೆಯೊಳಗೆ ಯಾರು ಕೈ ಹಾಕಿದ್ರೋ, ಸೊಟ್ಟಗಾದ್ರೂ ಸುಮ್ಮನಿದ್ರೋ ಏನೋ."

ಆಗ ನಕ್ಕುಬಿಟ್ಟೆ. ಈಗ ಅದೇ ಮಾತು ತಲೆಯೊಳಗೆ ಕೊರೆಯುತ್ತಿದೆ. ಇಷ್ಟು ವರ್ಷ ಹಾರಿಸಿದ್ದೇನೆ, ನನ್ನ ರೆಕ್ಕೆಯ ಒಳಗು ಹೇಗಿದೆಯೋ ನಾನು ಕಂಡೇ ಇಲ್ಲ. ನಾಳೆ ಮೆಕ್ಯಾನಿಕ್ಕಿಗೆ ಹೇಳಿ ರೆಕ್ಕೆಯ ಮುಚ್ಚಳ ಬಿಚ್ಚಿಸಬೇಕು, ಒಮ್ಮೆ ಕೈ ಹಾಕಿ ನೋಡಬೇಕು. ಅದಕ್ಕೆಷ್ಟು ಬಿಲ್ ಮಾಡುತ್ತಾನೋ, ಮಹಾರಾಯ...